ಸಿಟ್ಟಿನಲ್ಲಿ ಆಡಿದ ಮಾತು ಮಗನಿಗೆ ಶಾಪವಾಯಿತೇ? ಮಕ್ಕಳನ್ನು ಆಶೀರ್ವದಿಸುವುದು ಹೇಗೆ?

ಪ್ರಶ್ನೆ: ನನಗೆ 13 ವರ್ಷದ ಮಗ, 6 ವರ್ಷದ ಮಗಳು. ಕಳೆದ ವರ್ಷ ಮಗ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಸಿಟ್ಟು ತಡೆಯಲಾರದೆ “ನೀನು ಯಾವತ್ತೂ ಉದ್ಧಾರ ಆಗಲ್ಲ, ಬರೆದಿಟ್ಟುಕೋ” ಎಂದುಬಿಟ್ಟೆ. ಅಲ್ಲಿಂದ ಅವನ ಓದು ಇಳಿಯುತ್ತಲೇ ಇದೆ. ಗಣಿತದಲ್ಲಿ ಎರಡು ಸಲ ಫೇಲಾದ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, “ಜೀವಮರಣಗಳು ನಾಲಿಗೆಯ ವಶ. ತಾಯಿಯ ಮಾತು ಮಗುವನ್ನು ಕಟ್ಟಿಹಾಕುತ್ತದೆ. ಶಾಪ ಮುರಿಯುವ ಪ್ರಾರ್ಥನೆ ಮಾಡಿಸಿ, ದಿನಾ ಎಣ್ಣೆ ಹಚ್ಚಿ ತಲೆಯ ಮೇಲೆ ಕೈಯಿಟ್ಟು ಒಳ್ಳೆಯದನ್ನೇ ಘೋಷಿಸಿ” ಎಂದರು. ಹಾಗೆ ಮಾಡಲು ಹೋದರೆ ಮಗ ಕೈ ತಳ್ಳಿ, “ಅಮ್ಮಾ, ಈ ನಾಟಕ ಬೇಡ” ಅನ್ನುತ್ತಾನೆ. ಮಗಳಿಗೆ ಇಷ್ಟ, ಆದರೆ ಮೊನ್ನೆ “ಮಾರ್ಕ್ಸ್ ಕಮ್ಮಿ ಬಂದರೂ ಆಶೀರ್ವಾದ ಮಾಡ್ತೀಯಾ?” ಅಂತ ಕೇಳಿದಳು. ನಮ್ಮ ಮನೆಯವರು “ಅದೆಲ್ಲ ಪಾಸ್ಟರ್ ಕೆಲಸ, ನನಗೆ ಬರಲ್ಲ” ಎಂದು ದೂರವೇ ಉಳಿದಿದ್ದಾರೆ. ತಂದೆಯೇ ಮಾಡಬೇಕೇ? ತಾಯಿ ಮಾಡಿದರೆ ಸಾಲದೇ? ಮಗನನ್ನು ಮುಂದೆ ಹಾಸ್ಟೆಲಿಗೆ ಸೇರಿಸಿದರೆ ಫೋನಿನಲ್ಲಿ ಆಶೀರ್ವದಿಸಬಹುದೇ? ಎಲ್ಲಕ್ಕಿಂತ ಮೊದಲು ಹೇಳಿ, ನನ್ನ ಮಾತೇ ಅವನಿಗೆ ತಟ್ಟಿತೇ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ನಿದ್ದೆ ಕೆಡಿಸುತ್ತಿರುವುದು ಕೊನೆಯದೊಂದೇ. ಅದಕ್ಕೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನಿಮ್ಮ ಮಾತು ಮಗನ ಭವಿಷ್ಯವನ್ನು ಕಟ್ಟಿಹಾಕಿಲ್ಲ. ಆದರೆ ಅವನ ಮನಸ್ಸನ್ನು ನೋಯಿಸಿದೆ. ಇವೆರಡೂ ಬೇರೆ ಬೇರೆ ಸಂಗತಿಗಳು, ಇವುಗಳಿಗೆ ಮಾಡಬೇಕಾದ್ದೂ ಬೇರೆ. ಕೂಟದಲ್ಲಿ ನಿಮಗೆ ಸಿಕ್ಕ ಸಲಹೆಯಲ್ಲಿ ಎರಡೂ ಕಲಸಿಹೋಗಿವೆ. ಅದಕ್ಕೇ ಭಯ ಇಷ್ಟು ದೊಡ್ಡದಾಗಿದೆ.

ಸತ್ಯವೇದದಿಂದಲೇ (ಬೈಬಲಿನಿಂದಲೇ) ಆರಂಭಿಸೋಣ, ಭಯ ಹುಟ್ಟಿದ್ದು ಅಲ್ಲಿಯ ಒಂದು ವಚನದಿಂದಲೇ ತಾನೇ. ಜ್ಞಾನೋಕ್ತಿ 18:21 ನಾಲಿಗೆಗೆ ಜೀವಮರಣಗಳ ಶಕ್ತಿ ಇದೆ ಎನ್ನುವುದು ನಿಜ. ಆದರೆ ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡುವವನ ಬಗ್ಗೆ 13ನೇ ವಚನ, ಮೊದಲು ವಾದ ಹೂಡಿದವನೇ ಸರಿಯೆಂದು ತೋರುವ ಬಗ್ಗೆ 17ನೇ ವಚನ, ಮುನಿದ ಸಹೋದರನ ಬಗ್ಗೆ 19ನೇ ವಚನ. ಎಲ್ಲವೂ ಮನುಷ್ಯರ ನಡುವೆ ಮಾತು ಏನು ಮಾಡುತ್ತದೆ ಎಂಬುದರ ಕುರಿತಾದವು. ಮಾತು ಸಂಬಂಧ ಮುರಿಯುತ್ತದೆ, ಉಳಿಸುತ್ತದೆ, ನ್ಯಾಯವನ್ನೂ ಕೆಡಿಸುತ್ತದೆ. ನಾವು ಅಂದದ್ದನ್ನು ದೇವರು ನಡೆಸಿಕೊಡಲೇಬೇಕು ಎಂದು ಅಲ್ಲೆಲ್ಲೂ ಇಲ್ಲ. ನಿಮ್ಮಂಥ ತಾಯಂದಿರಿಗೆ ಬೇಕಾದ ವಚನ ಅದೇ ಪುಸ್ತಕದಲ್ಲಿ ಇನ್ನಷ್ಟು ಮುಂದಿದೆ: 26:2. ಕಾರಣವಿಲ್ಲದ ಶಾಪ ಹಾರಾಡುವ ಗುಬ್ಬಿಯಂತೆ, ಬಂದು ತಟ್ಟುವುದಿಲ್ಲ ಎನ್ನುತ್ತದೆ. ಕೂಟಗಳಲ್ಲಿ ಮೊದಲನೆಯ ವಚನ ಎಷ್ಟು ಸಲ ಕೇಳಿಬರುತ್ತದೋ ಅಷ್ಟು ಸಲ ಇದೂ ಕೇಳಿಬಂದಿದ್ದರೆ ಎಷ್ಟೋ ಮನೆಗಳಲ್ಲಿ ಭಯ ಕಡಿಮೆಯಾಗುತ್ತಿತ್ತು.

ಬಿಳಾಮನ ಕಥೆ ನಿಮಗೆ ಗೊತ್ತಿರುತ್ತದೆ. ಬಾಲಾಕ ರಾಜನು ಹಣ ಕೊಟ್ಟು ಇಸ್ರಾಯೇಲರಿಗೆ ಶಾಪ ಹಾಕಿಸಲು ಹೊರಟಾಗ, ದೇವರು ಶಪಿಸದವರನ್ನು ನಾನು ಹೇಗೆ ಶಪಿಸಲಿ ಎಂದು ಬಿಳಾಮನೇ ಕೈಚೆಲ್ಲಿದ (ಅರಣ್ಯಕಾಂಡ 23:8). ಶಾಪ ಹಾಕುವುದೇ ಕಸುಬಾಗಿದ್ದವನಿಗೆ, ಬೇಕೆಂದೇ ಹೊರಟಾಗಲೂ ಆಗಲಿಲ್ಲ. ಸುಳ್ಳು ಹೇಳಿದ ಮಗನ ಮೇಲೆ ರೇಗಿ ತಾಯಿ ಆಡಿದ ಒಂದು ವಾಕ್ಯಕ್ಕೆ ದೇವರು ಅವನನ್ನು ಬಿಟ್ಟುಕೊಡುತ್ತಾನೆಯೇ?

“ಹಾಗಾದರೆ ಇಸಾಕನ ಆಶೀರ್ವಾದ ಹಿಂತೆಗೆಯಲು ಆಗಲಿಲ್ಲವಲ್ಲ?” ಎಂದು ಯಾರಾದರೂ ಆದಿಕಾಂಡ 27ನ್ನು ತೋರಿಸಬಹುದು. ಅಲ್ಲಿಯೂ ನಡೆದದ್ದು ಇಸಾಕನ ನಾಲಿಗೆ ಎಳೆದ ಕಡೆಗಲ್ಲ. ಅವನು ಆಶೀರ್ವದಿಸಲು ಬಯಸಿದ್ದು ಹಿರಿಯ ಮಗ ಏಸಾವನನ್ನು, ಆಶೀರ್ವಾದ ಸಿಕ್ಕಿದ್ದು ಅಣ್ಣನ ವೇಷದಲ್ಲಿ ಬಂದ ಕಿರಿಯ ಯಾಕೋಬನಿಗೆ. ಹಿರಿಯನು ಕಿರಿಯನಿಗೆ ಸೇವೆ ಮಾಡುವನು ಎಂದು ಮಕ್ಕಳು ಹುಟ್ಟುವ ಮೊದಲೇ ದೇವರು ಅವರ ತಾಯಿ ರೆಬೆಕ್ಕಳಿಗೆ ಹೇಳಿಯಾಗಿತ್ತು (25:23). ಇದಕ್ಕಿಂತ ನಿಮಗೆ ಹತ್ತಿರವಾದದ್ದು ಲೇವಿಯ ಪ್ರಸಂಗ. ಯಾಕೋಬನು ಮರಣಶಯ್ಯೆಯಲ್ಲಿ ಸಿಮೆಯೋನ್ ಮತ್ತು ಲೇವಿಯರ ಕೋಪವನ್ನು ಶಪಿಸಿ, ಇವರನ್ನು ಇಸ್ರಾಯೇಲಿನಲ್ಲಿ ಚದರಿಸುವೆನು ಎಂದ (49:5-7). ತಂದೆಯೊಬ್ಬ ಗಂಡುಮಕ್ಕಳಿಗೆ ಹೇಳಿದ ಅತಿ ಕಠಿಣ ಮಾತುಗಳಲ್ಲಿ ಅದೂ ಒಂದು. ಲೇವಿಯರು ಚದರಿದ್ದು ಹೌದು, 48 ಪಟ್ಟಣಗಳಲ್ಲಿ. ಆದರೆ ಚದರಿದ್ದು ದೇವಸೇವಕರಾಗಿ. “ಯೆಹೋವನು ನಿಮ್ಮನ್ನು ಆಶೀರ್ವದಿಸಿ ಕಾಪಾಡಲಿ” ಎಂದು ಇಡೀ ಜನಾಂಗವನ್ನು ಆಶೀರ್ವದಿಸುವ ಕೆಲಸ ಸಿಕ್ಕಿದ್ದು ಯಾಜಕನಾದ ಆರೋನನಿಗೂ ಅವನ ಮಕ್ಕಳಿಗೂ, ಅಂದರೆ ಅದೇ ಲೇವಿಯ ವಂಶಕ್ಕೆ. ತಂದೆಯ ಮಾತೇ ಕೊನೆಯ ಮಾತಾಗಿರಲಿಲ್ಲ.

ಆದ್ದರಿಂದ ಶಾಪ ಮುರಿಯುವ ಪ್ರಾರ್ಥನೆಗೆ ಮಗನನ್ನು ಕರೆದೊಯ್ಯಬೇಡಿ. ಅನಗತ್ಯ ಎಂಬುದಷ್ಟೇ ಕಾರಣವಲ್ಲ, ಅದರಿಂದ ಕೇಡೂ ಇದೆ. ಹತ್ತು ಜನರ ನಡುವೆ ಕೂರಿಸಿ ಅವನ ಮೇಲಿನ ಶಾಪ ತೊಲಗಲಿ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರೆ, 13ರ ಹುಡುಗನಿಗೆ ಕೇಳಿಸುವುದು “ನಾನು ಶಾಪಗ್ರಸ್ತ” ಎಂಬುದೊಂದೇ. ನೀವು ಸಿಟ್ಟಿನಲ್ಲಿ ಒಮ್ಮೆ ಅಂದದ್ದನ್ನು ಸಭೆಯೇ ಸೇರಿ ಖಚಿತಪಡಿಸಿದ ಹಾಗಾಗುತ್ತದೆ. ಆಮೇಲೆ ಅಂಕ ಏರದಿದ್ದರೆ ಇನ್ನೂ ಕಷ್ಟ: ಪ್ರಾರ್ಥನೆಯೂ ಫಲಿಸಲಿಲ್ಲ, ತಪ್ಪು ನನ್ನದೇ ಎಂದುಕೊಳ್ಳುತ್ತಾನೆ.

ಮಾತು ನಿಜವಾಗಿ ಮಾಡಿದ್ದೇನು?

“ಉದ್ಧಾರ ಆಗಲ್ಲ” ಎಂಬ ಮಾತನ್ನು ತಾಯಿಯ ಬಾಯಿಂದ ಕೇಳಿದ ಮಕ್ಕಳಲ್ಲಿ ಕೆಲವರು ಹಟಕ್ಕೆ ಬಿದ್ದು ಓದುತ್ತಾರೆ. ಇನ್ನು ಕೆಲವರು ಪ್ರಯತ್ನವನ್ನೇ ನಿಲ್ಲಿಸುತ್ತಾರೆ. ಓದಿಯೂ ಫೇಲಾದರೆ ಅಮ್ಮನ ಮಾತು ನಿಜವಾಗುತ್ತದೆ. ಓದದೇ ಫೇಲಾದರೆ “ನಾನು ಓದಲೇ ಇಲ್ಲವಲ್ಲ” ಎನ್ನಲು ದಾರಿ ಉಳಿಯುತ್ತದೆ. ಮರ್ಯಾದೆ ಉಳಿಸಿಕೊಳ್ಳಲು ಮಕ್ಕಳು ಕಂಡುಕೊಳ್ಳುವ ಉಪಾಯ ಇದು. ಸಲಹೆಗೆಂದು ಬರುವ ಮನೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಮಕ್ಕಳನ್ನು ಕೆಣಕಬೇಡಿರಿ, ಅವರ ಮನಸ್ಸು ಕುಗ್ಗೀತು ಎಂದು ಅಪೊಸ್ತಲ ಪೌಲನು ಕೊಲೊಸ್ಸೆಯ ಸಭೆಯವರಿಗೆ ಬರೆದದ್ದು (3:21) ಈ ಕುಗ್ಗುವಿಕೆಯ ಬಗ್ಗೆಯೇ.

ಹಾಗೆಂದು ಗಣಿತದ ಸೋಲನ್ನು ಪೂರ್ತಿ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಲೆಕ್ಕ ಅಂಕಿಗಳಿಂದ ಬೀಜಗಣಿತಕ್ಕೆ ಹೊರಳುತ್ತದೆ. ಭಿನ್ನರಾಶಿ, ಋಣಸಂಖ್ಯೆ ಸರಿಯಾಗಿ ಕೂತಿರದ ಮಕ್ಕಳು ಇಲ್ಲಿಯೇ ಎಡವುತ್ತಾರೆ. ಫೇಲಾದ ಎರಡೂ ಉತ್ತರಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಯಾವ ಬಗೆಯ ಲೆಕ್ಕ ತಪ್ಪುತ್ತಿದೆ ಎಂದು ಗಣಿತದ ಶಿಕ್ಷಕರನ್ನೇ ಕೇಳಿ. ಕಣ್ಣು ಪರೀಕ್ಷೆ ಮಾಡಿಸಿ. ಹಲಗೆ ಕಾಣದ ಎಷ್ಟೋ ಮಕ್ಕಳು ಹೇಳುವುದೇ ಇಲ್ಲ. ಎಷ್ಟು ನಿದ್ದೆ ಮಾಡುತ್ತಾನೆ ನೋಡಿ, ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ ವಿಚಾರಿಸಿ. ಇವು ಯಾವುದನ್ನೂ ನೋಡದೆ ಎಣ್ಣೆ ಹಚ್ಚುತ್ತಾ ಕೂತರೆ ಸರಿಪಡಿಸಬಹುದಾದದ್ದೂ ಕೈತಪ್ಪುತ್ತದೆ. ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಆಟ ಎಲ್ಲ ಬಿಟ್ಟು ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ. “ನಾನು ಇರಲೇಬಾರದು” ಎಂಬಂಥ ಮಾತು ಒಮ್ಮೆ ಬಂದರೂ ಸಾಕು, ಅಂದೇ ವೈದ್ಯರ ಬಳಿಗೆ ಹೋಗಿ. ಪ್ರಾರ್ಥನೆ ಜೊತೆಯಲ್ಲಿ ನಡೆಯಲಿ.

ಆಶೀರ್ವಾದಕ್ಕೆ ಮೊದಲು ಕ್ಷಮೆ

ನಿಮ್ಮ ಮಗ “ನಾಟಕ” ಎಂದದ್ದಕ್ಕೆ ಬೇಸರಪಡಬೇಡಿ. ಅವನು ಗಮನಿಸಿದ್ದು ಸರಿಯಾಗಿಯೇ ಇದೆ. ನೋಯಿಸಿದ ಮಾತನ್ನು ಯಾರೂ ಎತ್ತಲಿಲ್ಲ. ಅದರ ಮೇಲೆಯೇ ಒಂದು ದಿನ ಇದ್ದಕ್ಕಿದ್ದಂತೆ ಎಣ್ಣೆ, ಕೈ, ದೊಡ್ಡ ದೊಡ್ಡ ಘೋಷಣೆ ಬಂದವು. ಜೊತೆಗೆ ನಿಮ್ಮ ಮುಖದಲ್ಲಿ ಭಯವಿತ್ತು. ಅದು ತನಗಾಗಿ ನಡೆಯುತ್ತಿದೆಯೋ ಅಮ್ಮನ ಭಯ ಕಳೆಯಲೆಂದು ನಡೆಯುತ್ತಿದೆಯೋ ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ.

ಮೊದಲು ಕ್ಷಮೆ ಕೇಳಿ. ತಂಗಿ, ಅಪ್ಪ ಯಾರೂ ಎದುರಿಗಿರದ ಹೊತ್ತು ನೋಡಿಕೊಳ್ಳಿ. ಎದುರುಬದುರು ಕೂರಿಸಬೇಡಿ, ಒಟ್ಟಿಗೆ ನಡೆಯುವಾಗಲೋ ಬಟ್ಟೆ ಮಡಚುವಾಗಲೋ ಈ ವಯಸ್ಸಿನವರಿಗೆ ಕೇಳುವುದು ಸುಲಭ. ಮಾತು ಇಷ್ಟೇ ಸಾಕು: “ಅವತ್ತು ನೀನು ಸುಳ್ಳು ಹೇಳಿದ್ದು ತಪ್ಪು, ಅದು ಅಲ್ಲಿಗೆ ಮುಗಿಯಿತು. ಆದರೆ ನೀನು ಉದ್ಧಾರ ಆಗಲ್ಲ ಅಂತ ನಾನು ಅಂದೆನಲ್ಲ, ಅದು ನಿಜವಲ್ಲ. ಹಾಗೆ ಅನ್ನಬಾರದಿತ್ತು. ನನ್ನನ್ನು ಕ್ಷಮಿಸು.”

ಇಲ್ಲಿ ಸಾಮಾನ್ಯವಾಗಿ ಕೆಡುವುದು ಮೂರು ಕಡೆ. “ಆದರೆ ನೀನೂ ಹಾಗೆ ಮಾಡಿದ್ದಕ್ಕೇ ತಾನೇ” ಎಂದು ಬಾಲ ಸೇರಿಸಿದರೆ ಕ್ಷಮೆ ಆಪಾದನೆಯಾಗುತ್ತದೆ. ಅತ್ತು ಕರೆದು ಕೇಳಿದರೆ ಹುಡುಗನೇ ಅಮ್ಮನನ್ನು ಸಮಾಧಾನಪಡಿಸಬೇಕಾಗುತ್ತದೆ. “ಕ್ಷಮಿಸಿದೆ ಅನ್ನು” ಎಂದು ಪಟ್ಟು ಹಿಡಿದರೆ ಅವನಿಗೆ ಉಳಿಯುವುದು ಸುಳ್ಳು ಹೇಳುವ ದಾರಿ ಮಾತ್ರ. ಅವನು “ಸರಿ ಬಿಡು” ಅನ್ನಬಹುದು, ಏನೂ ಅನ್ನದೆಯೂ ಇರಬಹುದು. ಅಲ್ಲಿಗೇ ನಿಲ್ಲಿಸಿ. ಅದೇ ಗಳಿಗೆಯಲ್ಲಿ ಆಶೀರ್ವದಿಸಲು ಕೈ ಎತ್ತಬೇಡಿ. ಕ್ಷಮೆ ಕೇಳಿದ್ದೇ ಇದಕ್ಕಾಗಿ ಎಂದು ಅನ್ನಿಸಿಬಿಡುತ್ತದೆ. ನಾಲ್ಕು ದಿನ ಹೋಗಲಿ.

ಆಶೀರ್ವಾದ ಎಂದರೆ ಯಾವುದು, ಯಾವುದಲ್ಲ

ಪ್ರಾರ್ಥನೆಯಲ್ಲಿ ನಾವು ದೇವರ ಕಡೆಗೆ ತಿರುಗಿ ಮಗುವಿನ ವಿಷಯ ಹೇಳುತ್ತೇವೆ. ಆಶೀರ್ವಾದದಲ್ಲಿ ಮಗುವಿನ ಕಡೆಗೆ ತಿರುಗಿ, ಕಣ್ಣು ತೆರೆದು, ದೇವರು ನಿನಗೆ ಇಂಥದ್ದನ್ನು ಕೊಡಲಿ ಎನ್ನುತ್ತೇವೆ. ಕೊಡುವವನು ದೇವರು, ನಾವು ಕೇಳುವವರು. ಮಗುವಿಗೆ ಅದು ಕಿವಿಯಾರೆ ಕೇಳಿಸುತ್ತದೆ. ಅಷ್ಟೇ ಅದರ ರಚನೆ. ಆರೋನನ ಆಶೀರ್ವಾದ (ಅರಣ್ಯಕಾಂಡ 6:24-26) ಮೂರೇ ಸಾಲಿನದು, ಇಬ್ರಿಯ ಮೂಲದಲ್ಲಿ ಕೇವಲ 15 ಪದ. ಜನ ಅದನ್ನು ತಾಯಿತದಂತೆ ಮೈಮೇಲೆ ಧರಿಸಿ ಓಡಾಡಿರಬೇಕು: 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ ಹಳೆಯ ಸಮಾಧಿಯೊಂದರಲ್ಲಿ ಸಿಕ್ಕ, ಸುರುಳಿ ಸುತ್ತಿದ ಪುಟ್ಟ ಬೆಳ್ಳಿಯ ತಗಡುಗಳಲ್ಲಿ ಈ ಮಾತುಗಳನ್ನೇ ಕೊರೆಯಲಾಗಿತ್ತು. ಅವು ಸುಮಾರು 2,600 ವರ್ಷ ಹಳೆಯವು. ಆ ಮೂರು ಸಾಲಿನ ನಂತರದ 27ನೇ ವಚನವನ್ನು ಬಿಡದೆ ಓದಿ. ಯಾಜಕರು ನನ್ನ ಹೆಸರನ್ನು ಅವರ ಮೇಲೆ ಉಚ್ಚರಿಸಲಿ, ಆಶೀರ್ವದಿಸುವವನು ನಾನು ಎಂದು ದೇವರೇ ಹೇಳುತ್ತಾನೆ. ನಾಲಿಗೆಗೆ ಸ್ವಂತ ಶಕ್ತಿಯಿದೆ ಎಂಬ ಬೋಧನೆಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಘೋಷಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬಿಚ್ಚಿ ಹೇಳುತ್ತೇನೆ. “ನೀನು ತಲೆಯಾಗಿರುವೆ, ಬಾಲವಾಗುವುದಿಲ್ಲ” ಎಂದು ಪರೀಕ್ಷೆಗೆ ಮುಂಚೆ ಮಕ್ಕಳ ಮೇಲೆ ಹೇಳುವ ರೂಢಿ ಬಹಳ ಹಬ್ಬಿದೆ. ಅದು ಧರ್ಮೋಪದೇಶಕಾಂಡ 28:13. ಇಸ್ರಾಯೇಲ್ ಜನಾಂಗ ಆಜ್ಞೆಗಳನ್ನು ಕೈಕೊಂಡು ನಡೆದರೆ ಇತರ ಜನಾಂಗಗಳ ನಡುವೆ ಹೇಗಿರುತ್ತದೆ ಎಂದು ಮೋಶೆ ಹೇಳಿದ ಮಾತು, ತರಗತಿಯ ರ‍್ಯಾಂಕಿನ ಬಗ್ಗೆ ಅಲ್ಲ. ನಾಲ್ವತ್ತು ಮಕ್ಕಳಿರುವ ತರಗತಿಯಲ್ಲಿ ನಲವತ್ತು ತಾಯಂದಿರೂ ಇದನ್ನೇ ಘೋಷಿಸಿದರೆ ಮೂವತ್ತೊಂಬತ್ತು ಮಕ್ಕಳಿಗೆ ದೇವರು ಮಾತಿಗೆ ತಪ್ಪಿದಂತೆ ಕಾಣಬೇಕಾಗುತ್ತದೆ. ಕಾಯಿಲೆಯ ಮಗುವಿನ ವಿಷಯದಲ್ಲಂತೂ ಇದು ಕ್ರೂರವಾಗುತ್ತದೆ. “ನೀನು ಗುಣವಾಗಿಯೇ ಬಿಟ್ಟಿದ್ದೀ” ಎಂದು ದಿನಾ ಕೇಳಿಸಿಕೊಂಡ ಮಗು ತನ್ನ ನೋವನ್ನು ಹೇಳುವುದನ್ನೇ ನಿಲ್ಲಿಸುತ್ತದೆ, ನೋವು ಹೇಳಿದರೆ ಅವಿಶ್ವಾಸವಾಗುತ್ತದಲ್ಲ. ಘೋಷಣೆಯನ್ನು ನಂಬಿ ಔಷಧ ಬಿಡಿಸುವುದಂತೂ ಯಾವ ಕಾರಣಕ್ಕೂ ಬೇಡ. “ಕರ್ತನು ಈ ರಾತ್ರಿ ನಿನ್ನ ಪಕ್ಕದಲ್ಲಿರಲಿ, ನೋವು ತಗ್ಗಿಸಿ ನಿದ್ದೆ ಕೊಡಲಿ” ಎಂದರೆ ಕೇಳಿದ್ದೂ ಆಯಿತು, ಸತ್ಯವೂ ಉಳಿಯಿತು.

ಇನ್ನೊಂದು ಅಪಾಯ ಇಷ್ಟು ಎದ್ದು ಕಾಣುವುದಿಲ್ಲ: ಆಶೀರ್ವಾದದ ಹೊದಿಕೆಯಲ್ಲಿ ಬೈಗುಳ. “ದೇವರು ನಿನ್ನ ಸೋಮಾರಿತನ ತೆಗೆದುಹಾಕಲಿ”, “ಇನ್ನಾದರೂ ತಂದೆತಾಯಿಗೆ ವಿಧೇಯನಾಗುವ ಬುದ್ಧಿ ಕೊಡಲಿ”, “ಮೊಬೈಲಿನ ಬಂಧನದಿಂದ ಬಿಡಿಸಲಿ”. ಕೊನೆಗೆ ‘ಆಮೆನ್’ ಇದ್ದ ಮಾತ್ರಕ್ಕೆ ಇದು ಆಶೀರ್ವಾದವಾಗುವುದಿಲ್ಲ. ಮಗುವಿಗೆ ಉತ್ತರ ಕೊಡಲೂ ಆಗುವುದಿಲ್ಲ, ಮಾತು ದೇವರ ಹೆಸರಿನಲ್ಲಿ ಬಂದಿದೆ. ಮೊಬೈಲಿನ ಬಗ್ಗೆ ಹೇಳುವುದಿದ್ದರೆ ಮೊಬೈಲಿನ ಬಗ್ಗೆಯೇ ನೇರವಾಗಿ, ಬೇರೆ ಹೊತ್ತಿನಲ್ಲಿ ಹೇಳಿ. ಮಗುವಿನ ಭವಿಷ್ಯವನ್ನು ನಾವೇ ನಿಶ್ಚಯಿಸುವುದೂ ಇದೇ ಜಾತಿಗೆ ಸೇರಿದ್ದು. “ದೇವರು ನಿನ್ನನ್ನು ದೊಡ್ಡ ಡಾಕ್ಟರ್ ಮಾಡಲಿ”, “ದೇವಸೇವೆಗೆ ಎಬ್ಬಿಸಲಿ” ಎಂದು ವರ್ಷಗಟ್ಟಲೆ ಕೇಳಿದ ಹುಡುಗ, ಬೇರೆ ದಾರಿ ಆರಿಸಿಕೊಂಡ ದಿನ ಅಪ್ಪ ಅಮ್ಮನಿಗಷ್ಟೇ ಅಲ್ಲ ದೇವರಿಗೂ ಎದುರಾದೆ ಎಂದುಕೊಂಡು ಸಭೆಯಿಂದಲೇ ದೂರವಾಗುತ್ತಾನೆ. ಯಾಕೋಬನು ತನ್ನ ಹನ್ನೆರಡು ಮಕ್ಕಳಿಗೂ ಒಂದೇ ಅಚ್ಚಿನ ಮಾತು ಹೇಳಲಿಲ್ಲ. ಒಬ್ಬೊಬ್ಬನಿಗೆ ತಕ್ಕ ಆಶೀರ್ವಾದ ಕೊಟ್ಟನೆಂದು ಆದಿಕಾಂಡ 49:28ರಲ್ಲಿದೆ.

ಬಾಯಲ್ಲಿ ಕೂರುವಂಥ ಮಾತುಗಳು

ಮಗುವಿನ ಹೆಸರು, ದೇವರ ಹೆಸರು, ಒಂದೇ ಒಂದು ಕೋರಿಕೆ. ಹತ್ತು ಹದಿನೈದು ಸೆಕೆಂಡು. ಅದಕ್ಕಿಂತ ಉದ್ದವಾದರೆ ಬೋಧನೆ ನುಸುಳುತ್ತದೆ.

ಬೆಳಿಗ್ಗೆ ಹೊರಡುವಾಗ ಕೀರ್ತನೆ 121:8ರ ಆಧಾರದಲ್ಲಿ “ಹೋಗುವಾಗಲೂ ಬರುವಾಗಲೂ ಕರ್ತನು ನಿನ್ನನ್ನು ಕಾಪಾಡಲಿ” ಎಂದರೆ ಸಾಕು. ಪರೀಕ್ಷೆಯ ದಿನ “ದೇವರು ನಿನಗೆ ಧೈರ್ಯ ಕೊಡಲಿ, ಓದಿದ್ದು ನೆನಪಿಗೆ ಬರಲಿ”. ಫಲಿತಾಂಶ ಕೆಟ್ಟ ದಿನ “ಕರ್ತನು ಇವತ್ತೂ ನಿನ್ನ ಕಡೆಗೆ ಪ್ರಸನ್ನಮುಖದಿಂದ ನೋಡಲಿ, ನಿನಗೆ ಸಮಾಧಾನ ಕೊಡಲಿ”. ಗೆಳೆಯರು ಕೈಬಿಟ್ಟ ದಿನ “ಯೇಸು ನಿನಗೆ ಗೆಳೆಯನಾಗಿ ಜೊತೆಗಿರಲಿ”. ಶಿಕ್ಷೆ ಕೊಟ್ಟ ದಿನದ ರಾತ್ರಿಯೂ ಬಿಡಬೇಡಿ. ಆದರೆ ಬೈದ ಐದು ನಿಮಿಷಕ್ಕೇ ಬೇಡ, ಮಲಗುವ ಹೊತ್ತಿಗೆ. ಎಂದಿನ ಮಾತನ್ನೇ, ಎಂದಿನ ಧ್ವನಿಯಲ್ಲಿ ಹೇಳಿ. ನಡತೆಗೂ ಆಶೀರ್ವಾದಕ್ಕೂ ಗಂಟುಹಾಕಿಲ್ಲ ಎಂದು ಮಗುವಿಗೆ ಮನದಟ್ಟಾಗುವುದು ಅಂಥ ರಾತ್ರಿಗಳಲ್ಲೇ.

ನಿಮ್ಮ ಮಗಳ ಪ್ರಶ್ನೆಗೆ ಇದೇ ಉತ್ತರ. ಆರು ವರ್ಷದ ಮಗು ಆ ಪ್ರಶ್ನೆ ಕೇಳಿದೆ ಎಂದರೆ, ಆಶೀರ್ವಾದ ಅಂಕ ಬಂದ ದಿನ ಜೋರಾಗಿಯೂ ಉಳಿದ ದಿನ ಸಪ್ಪೆಯಾಗಿಯೂ ಬರುತ್ತಿದೆ ಎಂದು ಅವಳಿಗೆ ಅನ್ನಿಸಿರಬೇಕು. ಹೊಗಳಿಕೆ ಬೇರೆ, ಆಶೀರ್ವಾದ ಬೇರೆ. ಒಳ್ಳೆಯ ಅಂಕ ಬಂದರೆ ಊಟದ ಹೊತ್ತಿಗೆ “ಚೆನ್ನಾಗಿ ಮಾಡಿದೆ” ಎಂದು ಹೊಗಳಿ. ರಾತ್ರಿಯ ಆಶೀರ್ವಾದದಲ್ಲಿ ಅಂಕದ ಸುದ್ದಿಯೇ ಬರಬಾರದು. ಯೇಸು ಮಕ್ಕಳನ್ನು ಅಪ್ಪಿಕೊಂಡು ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದಾಗ (ಮಾರ್ಕ 10:16) ಅವರಿಂದ ಏನನ್ನೂ ಕೇಳಲಿಲ್ಲ. “ಈತನು ನನ್ನ ಪ್ರಿಯ ಮಗನು, ಈತನನ್ನು ಮೆಚ್ಚಿದ್ದೇನೆ” ಎಂಬ ತಂದೆಯ ಧ್ವನಿ ಯೇಸುವಿಗೆ ಕೇಳಿಸಿದ್ದು ದೀಕ್ಷಾಸ್ನಾನದಲ್ಲಿ, ಅಂದರೆ ಒಂದು ಬೋಧನೆಯನ್ನೂ ಒಂದು ಅದ್ಭುತವನ್ನೂ ಮಾಡುವ ಮೊದಲೇ. ಮಗಳಿಗೆ ನೇರವಾಗಿ ಹೇಳಿಬಿಡಿ: “ಸೊನ್ನೆ ಬಂದರೂ ಮಾಡ್ತೀನಿ ಕಂದಾ.” ಆಮೇಲೆ ಅಂಕ ಕಡಿಮೆ ಬಂದ ಮೊದಲ ದಿನ ಮರೆಯದೆ ನಡೆಸಿ ತೋರಿಸಿ.

ಅವಳ ವಯಸ್ಸಿಗೆ ದಿನಾ ಹೊಸ ಮಾತು ಬೇಕಿಲ್ಲ, ಒಂದೇ ಮಾತು ಒಂದೇ ಹೊತ್ತಿಗೆ ಬರುವುದೇ ಅವಳಿಗೆ ಇಷ್ಟ. ಆರೋನನ ಮೂರು ಸಾಲನ್ನು ಅವಳ ಹೆಸರು ಸೇರಿಸಿ ಹೇಳಿ: “ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ನಿನ್ನನ್ನು ನೋಡಿ ಸಂತೋಷಪಡಲಿ, ದಯೆ ತೋರಿಸಲಿ. ನಿನಗೆ ಶಾಂತಿ ಕೊಡಲಿ.” ಕೈಯನ್ನು ಹಗುರವಾಗಿ ತಲೆಯ ಮೇಲೋ ಭುಜದ ಮೇಲೋ ಇಡಿ, ಒತ್ತಬೇಡಿ, ಅಲುಗಾಡಿಸಬೇಡಿ, ಧ್ವನಿ ಏರಿಸಬೇಡಿ. ಕೆಲವು ದಿನ ಕಳೆದರೆ ಅವಳೇ ಗೊಂಬೆಯನ್ನೋ ಅಣ್ಣನನ್ನೋ ಆಶೀರ್ವದಿಸತೊಡಗಬಹುದು. ತಿದ್ದಲು ಹೋಗಬೇಡಿ.

ಮಗನ ವಿಷಯದಲ್ಲಿ ಕೈ ಬಿಟ್ಟುಬಿಡಿ. ಅಂದರೆ ತಲೆಯ ಮೇಲಿನ ಕೈಯನ್ನು. 13ರ ಹುಡುಗನಿಗೆ ತನ್ನ ಮೈ ತನ್ನದು ಎಂಬ ಅರಿವು ಗಟ್ಟಿಯಾಗುವ ಕಾಲ ಇದು. ಬೇಡ ಎಂದ ಮೇಲೂ ಮುಟ್ಟಿದರೆ ಆಶೀರ್ವಾದದ ಜೊತೆಗೆ ಬಲವಂತವೂ ನೆನಪಿನಲ್ಲಿ ಉಳಿಯುತ್ತದೆ. ಗೆಳೆಯರ ಎದುರು, ಶಾಲೆಯ ಗೇಟಿನಲ್ಲಿ, ನೆಂಟರ ನಡುವೆ ಮಾಡಲೇಬೇಡಿ. ಬಾಗಿಲಲ್ಲಿ ಅವನು ಶೂ ಕಟ್ಟಿಕೊಳ್ಳುವಾಗ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಗೋಜಿಲ್ಲದೆ, “ದೇವರು ಕಾಪಾಡಲಿ ಮಗನೇ” ಎಂಬ ಒಂದೇ ವಾಕ್ಯ ಹೇಳಿ. ಅವನು ಆಮೆನ್ ಎನ್ನಬೇಕಾಗಿಲ್ಲ, ತಿರುಗಿ ನೋಡಬೇಕಾಗಿಯೂ ಇಲ್ಲ. ಹದಿನೈದು ದಿನ ಇಷ್ಟೇ ನಡೆಯಲಿ. ಆಮೇಲೆ ಒಂದು ದಿನ, ಪರೀಕ್ಷೆಗೋ ಪಂದ್ಯಕ್ಕೋ ಹೊರಟಾಗ, “ಭುಜದ ಮೇಲೆ ಕೈಯಿಟ್ಟು ಹೇಳಲಾ?” ಎಂದು ಕೇಳಿ. “ಬೇಡ” ಎಂದರೆ “ಸರಿ” ಎನ್ನಿ, ಮುಖ ಸಣ್ಣ ಮಾಡಿಕೊಳ್ಳಬೇಡಿ. ಆ ಒಂದು ವಾಕ್ಯವೂ ಬೇಡವೆಂದರೆ ಅದನ್ನೂ ನಿಲ್ಲಿಸಿ, ಅವನು ಹೋದ ಮೇಲೆ ನೀವೊಬ್ಬರೇ ಪ್ರಾರ್ಥಿಸಿ. ಯೋಬನೂ ಬೆಳಿಗ್ಗೆ ಎದ್ದು ತನ್ನ ಮಕ್ಕಳಿಗಾಗಿ ಹೋಮ ಅರ್ಪಿಸುತ್ತಿದ್ದ (ಯೋಬ 1:5).

ಇಬ್ಬರು ಮಕ್ಕಳಿರುವ ಮನೆಗೆ ಇನ್ನೊಂದು ಮಾತು. ಮಗಳು ಒಲಿದು ಬರುತ್ತಾಳೆ, ಮಗ ದೂರ ಸರಿಯುತ್ತಾನೆ. ಹೀಗಿರುವಾಗ ಆಶೀರ್ವಾದವೆಲ್ಲ ಅವಳ ಕಡೆಗೇ ಹರಿದುಹೋಗುವುದು ಸುಲಭ. ಏಸಾವನು “ಅಪ್ಪಾ, ನಿನ್ನಲ್ಲಿ ಒಂದೇ ಆಶೀರ್ವಾದವಿದೆಯೋ? ನನ್ನನ್ನೂ ಆಶೀರ್ವದಿಸು” ಎಂದು ಗಟ್ಟಿಯಾಗಿ ಅತ್ತದ್ದನ್ನು (ಆದಿಕಾಂಡ 27:38) ಓದುವಾಗ ನನಗೆ ಮೊದಲು ಕಾಣುವುದು ಒಂದು ಮಗುವಿಗೆ ಒಲಿದ ತಾಯಿ, ಇನ್ನೊಂದು ಮಗುವಿಗೆ ಒಲಿದ ತಂದೆ. ಮಗ ಕೇಳದಿದ್ದರೂ ಅವನ ಪಾಲಿನ ಮಾತು ಬಾಗಿಲಲ್ಲಿ ಸಿಗುತ್ತಿರಲಿ. ಮಗಳಿಗೆ ಆಶೀರ್ವದಿಸುವಾಗ “ನೋಡು, ತಂಗಿ ಎಷ್ಟು ಚೆನ್ನಾಗಿ ಕೂತಿದ್ದಾಳೆ” ಎಂಬ ಮಾತು ಅವನ ಕಿವಿಗೆ ಬೀಳದಿರಲಿ.

ತಂದೆ, ತಾಯಿ, ಪಾಸ್ಟರ್, ಎಣ್ಣೆ

ತಾಯಿ ಆಶೀರ್ವದಿಸಿದರೆ ಸಾಲದು ಎಂಬುದಕ್ಕೆ ಸತ್ಯವೇದದಲ್ಲಿ ಆಧಾರವಿಲ್ಲ. ರೆಬೆಕ್ಕಳು ಮದುವೆಗೆಂದು ಹೊರಟಾಗ ಮನೆಯವರೆಲ್ಲ ಸೇರಿ ಅವಳನ್ನು ಆಶೀರ್ವದಿಸಿ ಕಳಿಸಿದರು (ಆದಿಕಾಂಡ 24:60). ತನ್ನ ಯುವ ಸಹಾಯಕ ತಿಮೊಥೆಯ ನಂಬಿಕೆಯನ್ನು ನೆನೆಯುವಾಗ ಪೌಲನು ಹೆಸರಿಸುವುದು ಅವನ ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯನ್ನು (2 ತಿಮೊಥೆ 1:5).

ಪಾಸ್ಟರ್ ಮಾತ್ರ ಮಾಡಬೇಕೆಂಬುದೂ ಸಭೆಗಳ ಬೋಧನೆಯಲ್ಲ. ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ‘ಕಿರು ಪ್ರಶ್ನೋತ್ತರ’ ಎಂಬ 1529ರ ತನ್ನ ಬೋಧನಾ ಪುಸ್ತಕದಲ್ಲಿ ಬೆಳಗಿನ ಮತ್ತು ಸಂಜೆಯ ಆಶೀರ್ವಾದಗಳನ್ನು ಸೇರಿಸಿದ್ದು, ಮನೆಯ ಯಜಮಾನ ಅವನ್ನು ಮನೆಮಂದಿಗೆ ಕಲಿಸಲಿ ಎಂದೇ. ಕಥೋಲಿಕ ಸಭೆಯ ಧರ್ಮೋಪದೇಶವೂ (ಸಂಖ್ಯೆ 1669) ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಆಶೀರ್ವಾದವಾಗಿರಲು, ಆಶೀರ್ವದಿಸಲು ಕರೆಯಲ್ಪಟ್ಟವರು ಎನ್ನುತ್ತದೆ. ಸಭೆಯ ಮತ್ತು ಸಂಸ್ಕಾರಗಳ ಜೀವನಕ್ಕೆ ಹೆಚ್ಚು ಹತ್ತಿರವಾದ ಆಶೀರ್ವಾದಗಳನ್ನು ಅದು ಗುರುಗಳಿಗೆ ಮೀಸಲಿಡುತ್ತದೆ. ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕುವ ಮನೆಗಳೂ ಇವೆ, ಬರಿಯ ಮಾತು ಸಾಕೆನ್ನುವ ಮನೆಗಳೂ ಇವೆ. ನಿಮ್ಮ ಸಭೆಯ ರೂಢಿಯಂತೆ ನಡೆದುಕೊಳ್ಳಿ.

ಎಣ್ಣೆ ಬೇಕಿಲ್ಲ. ಯಾಕೋಬನ ಪತ್ರಿಕೆ 5:14ರಲ್ಲಿ ಎಣ್ಣೆ ಹಚ್ಚುವ ಮಾತು ಬರುವುದು ಅಸ್ವಸ್ಥನು ಸಭೆಯ ಹಿರಿಯರನ್ನು ಕರೆಸುವ ಸಂದರ್ಭದಲ್ಲಿ. ದಿನಾ ಶಾಲೆಗೆ ಹೊರಡುವ ಆರೋಗ್ಯವಂತ ಹುಡುಗನಿಗೆ ಹಚ್ಚಿದರೆ ತಾನು ರೋಗಿ ಎಂಬ ಭಾವ ಹುಟ್ಟುತ್ತದೆ, ಇಲ್ಲವೇ ಎಣ್ಣೆಯಲ್ಲೇ ಏನೋ ಇದೆ ಎಂಬ ನಂಬಿಕೆ ಬೆಳೆಯುತ್ತದೆ.

ನಿಮ್ಮ ಮನೆಯವರು “ಬರಲ್ಲ” ಎನ್ನುವುದು ಬಹುಮಟ್ಟಿಗೆ ಸಂಕೋಚ. ತಮ್ಮ ತಂದೆಯಿಂದ ಇಂಥ ಮಾತು ಒಮ್ಮೆಯೂ ಕೇಳದ ಗಂಡಸರಿಗೆ ಬಾಯಿ ಬರುವುದು ಕಷ್ಟ. ಸಭೆಯಲ್ಲಿ ಪಾಸ್ಟರ್ ಮಾಡುವಷ್ಟು ಉದ್ದ ತಾನೂ ಮಾಡಬೇಕೇನೋ ಎಂಬ ಹೆದರಿಕೆಯೂ ಇರುತ್ತದೆ. ಮಕ್ಕಳ ಎದುರು “ನೀವೂ ಮಾಡಿ” ಎಂದು ಒತ್ತಾಯಿಸಬೇಡಿ. ಒಂದು ಚೀಟಿಯಲ್ಲಿ ಆ ಮೂರು ಸಾಲನ್ನು ಬರೆದುಕೊಡಿ, ವಾರಕ್ಕೆ ಒಂದೇ ರಾತ್ರಿ, ಮಗಳಿಂದ ಆರಂಭಿಸಲಿ. ನೋಡಿಕೊಂಡು ಓದಿದರೂ ಆದೀತು. ಓದಲೂ ಮನಸ್ಸಾಗದಿದ್ದರೆ ನೀವು ಹೇಳುವಾಗ ಪಕ್ಕದಲ್ಲಿ ನಿಂತು ಆಮೆನ್ ಎನ್ನಲಿ. ಮಗನ ಎದುರು ಅವರು ನಿಮ್ಮನ್ನು ಗೇಲಿ ಮಾಡದಿದ್ದರೆ ಸದ್ಯಕ್ಕೆ ಅಷ್ಟೇ ದೊಡ್ಡದು. ಇದೊಂದನ್ನು ಮಾತ್ರ ಖಾಸಗಿಯಾಗಿ ಸ್ಪಷ್ಟವಾಗಿ ಕೇಳಿಕೊಳ್ಳಿ.

ಹಾಸ್ಟೆಲಿನ ವಿಷಯ. ಫೋನಿನಲ್ಲಿ ಆಶೀರ್ವದಿಸಬಹುದು, ಬರೆದೂ ಕಳಿಸಬಹುದು. ಪೌಲನು ದೂರದಲ್ಲಿದ್ದವರಿಗೆ ಬರೆದ ಪತ್ರಗಳೂ ಕೃಪೆಯೂ ಶಾಂತಿಯೂ ನಿಮಗಿರಲಿ ಎಂದೇ ಆರಂಭವಾಗುತ್ತವೆ. ಕರೆಯ ಕೊನೆಯಲ್ಲಿ ಹೇಳಿ, ಆರಂಭದಲ್ಲಿ ಅಲ್ಲ; ಮೊದಲು ಅವನ ಸುದ್ದಿ ಪೂರ್ತಿ ಕೇಳಿ. ಕೋಣೆಯಲ್ಲಿ ಬೇರೆ ಹುಡುಗರಿದ್ದರೆ ಮುಜುಗರವಾಗುತ್ತದೆ, ಸ್ಪೀಕರಿನಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಂದೇಶ ಕಳಿಸುವುದಾದರೆ ಎಲ್ಲರಿಗೂ ಹೋಗುವ ಹೂವಿನ ಚಿತ್ರದ ವಚನ ಬೇಡ. ಅವನ ಹೆಸರಿರುವ, ಅವತ್ತಿನ ಅವನ ಕೆಲಸ ಹೆಸರಿಸುವ ಒಂದು ಸಾಲು ಬರೆಯಿರಿ. ಉತ್ತರ ಬರದಿದ್ದರೆ “ನೋಡಿದೆಯಾ?” ಎಂದು ಮತ್ತೆ ಕೇಳಬೇಡಿ. ಆದರೆ ಅವನನ್ನು ಹಾಸ್ಟೆಲಿಗೆ ಕಳಿಸುವ ಮಾತು ಈ ಫೇಲಾದದ್ದರಿಂದಲೇ ಹುಟ್ಟಿದ್ದಾದರೆ, ಗಣಿತದ ಶಿಕ್ಷಕರ ಉತ್ತರ ಬರುವವರೆಗೂ, ನೀವು ಕ್ಷಮೆ ಕೇಳಿ ಒಂದೆರಡು ತಿಂಗಳು ಕಳೆಯುವವರೆಗೂ ಅದನ್ನು ತಡೆಹಿಡಿಯಿರಿ. ಈಗ ಕಳಿಸಿದರೆ “ಉದ್ಧಾರ ಆಗಲ್ಲ” ಎಂದ ಅಮ್ಮ ಮನೆಯಿಂದಲೂ ಕಳಿಸಿದಳು ಎಂದೇ ಅವನು ಲೆಕ್ಕ ಹಾಕುತ್ತಾನೆ.